ಮರವನ್ನು ಕೆಡಹುವ ಅಪ್ಪಣೆ

ಕಳೆದ ಚೈತ್ರಮಾಸದ ಕೊನೆಯಲ್ಲಿ, ಕಾಪುವಿಗೂ ಕಾರ್ಕಳಕ್ಕೂ ನಡುವಣ ಗ್ರಾಮವೊಂದರಲ್ಲಿ ವಾಸವಾಗಿರುವ ನನ್ನ ಮಿತ್ರರು ಒಂದು ವ್ಯವಸ್ಥೆಯನ್ನು ಕೇಳುವುದಕ್ಕಾಗಿ ನನ್ನನ್ನು ಕರೆಯಿಸಿಕೊಂಡರು. ಅವರ ಹಿರಿಯರ ಮನೆಯ ನೈಋತ್ಯದಲ್ಲಿ, ಮಾಡಿನಿಂದ ಹತ್ತು ಹೆಜ್ಜೆಯ ಒಳಗೆ, ಬಹಳ ಹಳೆಯದಾದ ಒಂದು ಕಾಟುಮಾವಿನ ಮರವಿದ್ದಿತು. ಹಿಂದಿನ ವರ್ಷದ ಆಷಾಢದ ಗಾಳಿಗೆ ಅದರ ದೊಡ್ಡ ಕೊಂಬೆಯೊಂದು ಮುರಿದು ಚಾವಡಿಯ ಹೆಂಚುಗಳನ್ನು ಪುಡಿಮಾಡಿತ್ತು. ಮೊಮ್ಮಕ್ಕಳು ಮಲಗುವ ಕೋಣೆಗೂ ಚಾವಡಿಗೂ ನಡುವೆ ಇರುವುದು ಒಂದೇ ಗೋಡೆ. ಅದಲ್ಲದೆ ನಾಗಬನದ ಅಂಚಿನಲ್ಲಿ ಒಂದು ಹಾಲೆಮರ, ಮನೆಯಿಂದ ದೂರದ ಗುಡ್ಡದ ಬದಿಯಲ್ಲಿ ಹೂ ಬಿಟ್ಟು ನಿಂತ ಒಂದು ಶ್ರೀತಾಳೆ. ಮೂರನ್ನೂ ಕಡಿಸಿಬಿಡಬೇಕೆಂದು ಮುಂಬಯಿಯಲ್ಲಿರುವ ಮಗನ ಒತ್ತಾಯ. ಮಿತ್ರರ ತಾಯಿಯವರ ಮಾತು ಬೇರೆ: ಮಾವಿಗೆ ಯಾರೂ ಕೈಹಚ್ಚಕೂಡದು, ಅದು ತಮ್ಮ ಅತ್ತೆಯ ಕಾಲದಿಂದ ಮನೆಯ ಭರಣಿಗಳಿಗೆ ಮಿಡಿ ಕೊಟ್ಟ ಮರ, ಶ್ರೀತಾಳೆಯನ್ನು ಮಾತ್ರ ನಾಳೆಯೇ ಕಡಿಸಬೇಕು, ಅದು ಹೂ ಬಿಟ್ಟ ಮನೆಗೆ ಕೇಡು ತಪ್ಪದು.

"ಮಾಷ್ಟ್ರೇ, ಶಾಸ್ತ್ರ ಏನು ಹೇಳುತ್ತದೆಂದು ನೋಡಿ ಹೇಳಿ. ನೀವು ಹೇಳಿದರೆ ಅಮ್ಮ ಒಪ್ಪುತ್ತಾರೆ" ಎಂದರು ಮಿತ್ರರು.

ಕೇಳಿದ ಕೂಡಲೇ ಶಾಸ್ತ್ರವನ್ನು ಹೇಳಿಬಿಡುವ ಧೈರ್ಯ ಪಾಠಶಾಲೆಯಿಂದ ಹೊರಬಂದ ಹೊಸತರಲ್ಲಿ ನನಗಿದ್ದಿತು, ಈಗ ಇಲ್ಲ. ಒಂದು ವಾರದ ಅವಧಿಯನ್ನು ಬೇಡಿ ಮನೆಗೆ ಬಂದು ಗ್ರಂಥಗಳನ್ನು ಬಿಚ್ಚಿದೆನು.

ಮರವನ್ನು ಕಡಿಯಲೇಬಾರದೆಂದು ನಮ್ಮ ಪೂರ್ವಿಕರು ವಿಧಿಸಿದ್ದರೆಂಬ ಮಾತು ಈಚೆಗೆ ಸಭೆಗಳಲ್ಲಿ ಬಹಳವಾಗಿ ಕೇಳಿಬರುತ್ತದೆ. ಗ್ರಂಥಗಳಲ್ಲಿರುವುದು ಹಾಗಲ್ಲ. ಶತಪಥಬ್ರಾಹ್ಮಣದಲ್ಲಿ ಯಜ್ಞದ ಯೂಪಕ್ಕಾಗಿ ಮರವನ್ನು ಕಡಿಯುವ ಕ್ರಮವು ವಿಸ್ತಾರವಾಗಿಯೇ ಇದೆ. ಕೊಡಲಿಗೂ ಮರಕ್ಕೂ ನಡುವೆ ದರ್ಭೆಯ ಒಂದು ಎಸಳನ್ನಿಟ್ಟು, ಅದು ಮರವನ್ನು ಕಾಪಾಡಲೆಂದು ಪ್ರಾರ್ಥಿಸಿ, ಬಳಿಕ ಮೊದಲನೆಯ ಏಟು. ಮರವುರುಳಿದ ಮೇಲೆ ಉಳಿದ ಬುಡದಲ್ಲಿ ತುಪ್ಪವನ್ನು ಹೋಮಮಾಡಿ, ನೂರು ಕವಲಾಗಿ ಚಿಗುರೆಂದು ಹರಸುವುದು. ಅಲ್ಲಿಯೇ ಇನ್ನೊಂದು ಸೂಚನೆಯಿದೆ: ಬುಡವನ್ನು ನೆಲಕ್ಕೆ ತಗ್ಗಾಗಿ ಕಡಿಯಬೇಕು, ಇಲ್ಲವಾದರೆ ಬಂಡಿಯ ಅಚ್ಚು ತಗಲೀತು. ಮಂತ್ರ ಹೇಳುವವನು ಬಂಡಿ ಹೊಡೆಯುವವನನ್ನು ಮರೆಯಲಿಲ್ಲವೆಂಬುದು ನನಗೆ ಸಂತೋಷವನ್ನುಂಟುಮಾಡಿದ ಸಂಗತಿ. ಇನ್ನು ಕೌಟಿಲ್ಯನು ನಗರದ ಉಪವನಗಳಲ್ಲಿ ಹೂವು, ಹಣ್ಣು, ನೆರಳುಗಳನ್ನು ಕೊಡುವ ಮರದ ಚಿಗುರನ್ನು ಕಡಿದವನಿಗೆ 6 ಪಣ, ಸಣ್ಣ ಕೊಂಬೆಗೆ 12, ದೊಡ್ಡ ಕೊಂಬೆಗೆ 24 ಪಣಗಳೆಂದು ದಂಡವನ್ನು ಏರಿಸುತ್ತ ಹೋಗುತ್ತಾನೆ. ಅದು ರಾಜನ ಬೊಕ್ಕಸದ ಭಾಷೆ.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಪ್ರತಿಮೆಗೆ ಬೇಕಾದ ಮರವನ್ನು ತರಲು ಕಾಡನ್ನು ಹೊಗುವ ವಿಧಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಹಿಂದಿನ ರಾತ್ರಿ ಮರಕ್ಕೆ ಪೂಜೆ, ಅದರಲ್ಲಿ ನೆಲಸಿರುವ ಭೂತಗಳಿಗೆ ಬಲಿ, ಬೇರೆ ವಾಸಸ್ಥಾನವನ್ನು ಹುಡುಕಿಕೊಳ್ಳಬೇಕೆಂದು ಅವುಗಳಲ್ಲಿ ಬಿನ್ನಹ. ಬೆಳಗ್ಗೆ ಮರಕ್ಕೆ ನೀರೆರೆದು, ಜೇನು ತುಪ್ಪಗಳನ್ನು ಸವರಿದ ಕೊಡಲಿಯಿಂದ ಈಶಾನ್ಯದಲ್ಲಿ ಮೊದಲು ಕಡಿದು ಪ್ರದಕ್ಷಿಣವಾಗಿ ಬರಬೇಕು. ಪೂರ್ವಕ್ಕೋ ಈಶಾನ್ಯಕ್ಕೋ ಉತ್ತರಕ್ಕೋ ಬಿದ್ದರೆ ಶುಭ.

ಆದರೆ ಇವೆಲ್ಲ ಒಳ್ಳೆಯ ಮರವನ್ನು ಉಪಯೋಗಕ್ಕಾಗಿ ಕಡಿಯುವ ಮಾತು. ಗಾಳಿಗೆ ಮುರಿದ, ಸಿಡಿಲು ಬಡಿದ, ಒಣಗಿದ ಮರಗಳನ್ನು ಆಚಾರ್ಯನು ಪ್ರತಿಮೆಗೆ ಬೇಡವೆಂದು ಬಿಟ್ಟು ಮುಂದೆ ನಡೆಯುತ್ತಾನೆ. ಹಾಗೆ ಬಿಟ್ಟ ಮರ ಯಾರ ಮಾಡಿನ ಮೇಲೆ ಬೀಳುವುದೆಂಬುದು ಪ್ರತಿಮಾಶಾಸ್ತ್ರದ ಚಿಂತೆಯಲ್ಲ. ನನಗೆ ಬೇಕಾದುದು ಸಿಕ್ಕಿದ್ದು ಅದೇ ಗ್ರಂಥದ ವಾಸ್ತುವಿದ್ಯೆಯ ಅಧ್ಯಾಯದಲ್ಲಿ. ಮನೆಗೆ ತೀರ ಹತ್ತಿರದಲ್ಲಿ ಮುಳ್ಳಿನ ಮರವಿದ್ದರೆ ಶತ್ರುಭಯ, ಹಾಲಿನ ಮರವಿದ್ದರೆ ಧನನಾಶ, ಹಣ್ಣಿನ ಮರವಿದ್ದರೆ ಸಂತಾನಕ್ಕೆ ಹಾನಿ. ಅವನ್ನು ಕಡಿಯದಿದ್ದ ಪಕ್ಷದಲ್ಲಿ ನಡುವೆ ಪುನ್ನಾಗ, ಅಶೋಕ, ಬಕುಲ, ಹಲಸು ಮೊದಲಾದ ಪೂಜ್ಯವೃಕ್ಷಗಳನ್ನು ನೆಡತಕ್ಕದ್ದು. ಹಣ್ಣಿನ ಮರದಿಂದ ಮಕ್ಕಳಿಗೆ ಹಾನಿಯೆಂಬ ಮಾತನ್ನು ಫಲಜ್ಯೋತಿಷವೆಂದೇ ನಾನು ಇದುವರೆಗೆ ಓದಿದ್ದೆನು. ಮುರಿದ ಹೆಂಚುಗಳನ್ನೂ ಆ ಕೋಣೆಯ ಗೋಡೆಯನ್ನೂ ನೋಡಿ ಬಂದಮೇಲೆ ಹಾಗೆ ಓದಲಾಗಲಿಲ್ಲ.

ಗ್ರಂಥದ ಮಾತು ಹೀಗಾಯಿತು. ನಮ್ಮ ಕರಾವಳಿಯ ಜನರು ನಡೆದುಕೊಂಡ ಬಗೆಗೆ ಪರದೇಶದವನೊಬ್ಬನ ಸಾಕ್ಷ್ಯವಿದೆ. ಶ್ರೀರಂಗಪಟ್ಟಣವು ಬಿದ್ದು ಈ ಸೀಮೆ 1799ರಲ್ಲಿ ಕಂಪೆನಿಯ ಕೈಸೇರಿದ ಮೇಲೆ, 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ದೇಶವನ್ನು ಪರೀಕ್ಷಿಸುತ್ತ ಬಂದನು. ಕಾರ್ಕಳದ ಗೊಮ್ಮಟನನ್ನೂ ಕಂಡವನು. ಈಗಿನ ಉತ್ತರ ಕನ್ನಡದಲ್ಲಿ ಅವನು ತಿಳಿದದ್ದೇನೆಂದರೆ, ಕಾಡುಗಳು ಆಯಾ ಗ್ರಾಮದೇವತೆಗಳ ಸ್ವತ್ತು. ದೇವರ ಪೂಜಾರಿಯೂ ಆಗಿರುವ ಗೌಡನ ಅಪ್ಪಣೆಯಿಲ್ಲದೆ ಮರವನ್ನು ಕಡಿಯಲಾಗದು. ಅಪ್ಪಣೆಗಾಗಿ ದೇವರು ಒಂದು ಕಾಸನ್ನೂ ತೆಗೆದುಕೊಳ್ಳುವುದಿಲ್ಲ. ಆದರೆ ಕೇಳದೆ ಕಡಿದವನನ್ನು ಬಿಡುವುದೂ ಇಲ್ಲ. ಇಷ್ಟನ್ನು ಬರೆದು, ಇದು ಸರ್ಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಜನರು ಹೂಡಿದ ಉಪಾಯವೆಂದು ಬುಕಾನನ್ ಸಂಶಯಪಟ್ಟಿದ್ದಾನೆ. ಸಂಶಯ ಸಂಪೂರ್ಣವಾಗಿ ತಪ್ಪೆನ್ನಲಾರೆ. ಆದರೆ ಬೆಲೆಯಿಲ್ಲದ ಅಪ್ಪಣೆಯಿಂದ ಒಂದು ಪ್ರಯೋಜನವಿತ್ತು: ಕೇಳಹೋದವನು ಒಂದು ದಿನವಾದರೂ ತಡೆಯಬೇಕಾಗುತ್ತಿತ್ತು, ಯಾವ ಮರ, ಏತಕ್ಕೆ ಎಂದು ಊರಿನ ಒಬ್ಬನ ಮುಂದೆ ಹೇಳಬೇಕಾಗುತ್ತಿತ್ತು.

ಬುಕಾನನನ ಗ್ರಂಥ ಅಚ್ಚಾದದ್ದು 1807ರಲ್ಲಿ. ಅದೇ ವರ್ಷ ಕಂಪೆನಿಯು ನೆರೆಯ ಮಲಬಾರಿನಲ್ಲಿ ಸಾಗುವಾನಿಯೆಲ್ಲ ತನ್ನದೆಂದು ಸಾರಿತು. ಆಂಗ್ಲರ ಯುದ್ಧನೌಕೆಗಳಿಗೆ ಮರ ಬೇಕಾಗಿದ್ದಿತು. ಅದಕ್ಕಾಗಿ ನೇಮಿಸಿದ್ದ ಅಧಿಕಾರಿಯ ಹುದ್ದೆಯನ್ನು ಜನರ ದೂರುಗಳು ಹೆಚ್ಚಿದ ಕಾರಣ 1823ರಲ್ಲಿ ತೆಗೆದುಹಾಕಿದರು. ಶ್ರೀಗಂಧದ ಕಥೆ ಇನ್ನೂ ದೀರ್ಘವಾದದ್ದು. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನೆಂಬುದು ಪ್ರಸಿದ್ಧ; ತನ್ನ ನೆಲದಲ್ಲಿ ಬೆಳೆದ ಗಂಧದ ಮರ ತನ್ನದೆಂದು ಹೇಳುವ ಹಕ್ಕು ಕರ್ನಾಟಕದ ರೈತನಿಗೆ ದೊರೆತದ್ದು 2001ರಲ್ಲಿ. ಮದರಾಸು ಅರಣ್ಯ ಶಾಸನವು 1882ರದು. ನಮ್ಮ ಜಿಲ್ಲೆಯ ವಿಶೇಷವಾದ ಕುಮ್ಕಿಯ ಸೌಲಭ್ಯವನ್ನು ವಾಚಕರು ಬಲ್ಲರು: ವರ್ಗದ ಭೂಮಿಯಿಂದ 100 ಗಜಗಳವರೆಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಹುಲ್ಲು, ಬೇಸಾಯಕ್ಕೆ ಬೇಕಾದ ಮರಮುಟ್ಟುಗಳನ್ನು ತೆಗೆದುಕೊಳ್ಳಬಹುದು, ನೆಲ ಮಾತ್ರ ಸರ್ಕಾರದ್ದು. 1964ರ ಭೂಕಂದಾಯ ಶಾಸನದಲ್ಲಿಯೂ ಇದು ಉಳಿದುಬಂದಿದೆ. ಅಲ್ಲಿಂದ 1976ರ ವೃಕ್ಷಸಂರಕ್ಷಣಾ ಶಾಸನ: ಸ್ವಂತ ನೆಲದ ಮರಕ್ಕೂ, ತೆಂಗು ಮೊದಲಾದ ಕೆಲವನ್ನು ಬಿಟ್ಟು, ವೃಕ್ಷಾಧಿಕಾರಿಯ ಅಪ್ಪಣೆ ಬೇಕು, ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಪ್ರಾಣಕ್ಕೋ ಸ್ವತ್ತಿಗೋ ಅಪಾಯಕರವಾಗಿದ್ದರೆ ಅಪ್ಪಣೆಯನ್ನು ನಿರಾಕರಿಸತಕ್ಕದ್ದಲ್ಲ, ಕಡಿದವನು ಬೇರೆ ಗಿಡವನ್ನು ನೆಡತಕ್ಕದ್ದು. ಈ ಕೊನೆಯ ಎರಡು ಮಾತುಗಳನ್ನು ಓದಿದಾಗ ವರಾಹಮಿಹಿರನ ನೆನಪಾಗದೆ ಇರಲಿಲ್ಲ.

ವಾರ ಕಳೆದು ಮಿತ್ರರ ಮನೆಗೆ ಹೋದಾಗ ಮರ ಕಡಿಯುವ ಮುದುಕನೊಬ್ಬನನ್ನು ಅವರು ಕರೆಯಿಸಿದ್ದರು. ನಾನು ಗ್ರಂಥದಲ್ಲಿ ಹುಡುಕಿ ಕಾಣದಿದ್ದುದನ್ನು ಅವನು ಅರ್ಧ ಗಳಿಗೆಯಲ್ಲಿ ತೋರಿಸಿದನು. ಮಾವಿನ ಕಾಂಡಕ್ಕೆ ಕೊಡಲಿಯ ಬೆನ್ನಿನಿಂದ ಸುತ್ತಲೂ ತಟ್ಟುತ್ತ ಬಂದನು. ಒಂದು ಕಡೆ ಗಟ್ಟಿಯಾದ ಸದ್ದು, ಉಳಿದೆಡೆ ಮದ್ದಳೆಯ ಸದ್ದು. ಬುಡದಲ್ಲಿ ತಟ್ಟೆಯಂತಹ ಅಣಬೆಗಳೆದ್ದಿದ್ದುವು. ಮಳೆಗಾಳಿ ಬೀಸುವ ಪಕ್ಕದಲ್ಲಿ, ಬೇರಿನ ಮೇಲಣ ಮಣ್ಣು ಅರೆಚಂದ್ರಾಕಾರವಾಗಿ ಬಿರಿದಿದ್ದಿತು. "ಧನಿಗಳೇ, ಇದು ಇನ್ನೊಂದು ಮಳೆಗಾಲ ನಿಲ್ಲುವುದಿಲ್ಲ" ಎಂದನು. ಹಾಲೆಮರವನ್ನು ತಟ್ಟಿ ನೋಡಿ, ದಾರಿಯ ಮೇಲೆ ಚಾಚಿದ ಒಣಕೊಂಬೆಯೊಂದನ್ನು ತೆಗೆದರೆ ಸಾಕೆಂದನು. ಅದನ್ನೂ ತಾನು ಮುಟ್ಟುವುದು ನಾಗನಿಗೆ ತನು ಎರೆದ ಮೇಲೆಯೇ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಹಾಲೆಯ ತೊಗಟೆಯನ್ನು ಕೂಡ ನಮ್ಮವರು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತೆಗೆಯುವುದುಂಟು.

ಉಳಿದದ್ದು ಶ್ರೀತಾಳೆ. ಈ ಮರದ ಎಲೆಗಳ ಮೇಲೆ ಬರೆದ ಗ್ರಂಥಗಳಿಲ್ಲದಿದ್ದರೆ ನನ್ನಂಥವರಿಗೆ ವಿದ್ಯೆಯೇ ಇರುತ್ತಿರಲಿಲ್ಲ. 30ರಿಂದ 80 ವರ್ಷಗಳವರೆಗೆ ಬೆಳೆದು, ಒಮ್ಮೆ ಮಾತ್ರ ತಲೆಯ ಮೇಲೆ ಮಹತ್ತಾದ ಹೂಗೊಂಚಲನ್ನೆತ್ತಿ, ಕಾಯಿ ಮಾಗಿದ ಬಳಿಕ ಸಾಯುತ್ತದೆ. ಆ ಹೂವನ್ನು ಅಪಶಕುನವೆಂದು ಭಾವಿಸಿ ಬೀಜವಾಗುವ ಮೊದಲೇ ಕಡಿದುಹಾಕಿದ್ದರಿಂದ ಉಡುಪಿ ಕಾರ್ಕಳಗಳ ಸುತ್ತಿನಲ್ಲಿ ಅದು ಅಪೂರ್ವವಾಗಿದೆ. ಬೀಳುವ ಮಾವಿನ ಬಗ್ಗೆ ಪ್ರೀತಿ, ಯಾರ ಮೇಲೂ ಬೀಳದ ತಾಳೆಯ ಬಗ್ಗೆ ಭೀತಿ! ವೃದ್ಧೆಯೊಡನೆ ವಾದಿಸುವುದು ಹೇಗೆಂದು ನಾನು ಯೋಚಿಸುತ್ತಿರಲು ಮಿತ್ರರು ಭೂಮಿಯ ನಕ್ಷೆಯನ್ನು ತಂದರು: ಶ್ರೀತಾಳೆ ಇರುವುದು ಕುಮ್ಕಿಯಲ್ಲಿ. ಸರ್ಕಾರದ ಮರವನ್ನು ಅಪಶಕುನದ ಕಾರಣಕ್ಕೆ ಕಡಿಸಿಕೊಡೆಂದು ಯಾರನ್ನು ಕೇಳುವುದು? ಅದು ಉಳಿಯಿತು. ಕಂಪೆನಿಯವರ ಲೆಕ್ಕಪತ್ರಗಳ ಬಗ್ಗೆ ನನಗೆ ಕೃತಜ್ಞತೆ ಹುಟ್ಟಿದ್ದು ಅದೊಂದೇ ಸಂದರ್ಭದಲ್ಲಿ.

ಮಾವಿನ ವಿಷಯದಲ್ಲಿ ನಾನು ಓದಿದ್ದನ್ನು ತಾಯಿಯವರಿಗೆ ಇದ್ದಂತೆಯೇ ಹೇಳಿದೆನು. ಸಂತಾನಕ್ಕೆ ಹಾನಿ ಎಂಬಲ್ಲಿ ಅವರು ಮೊಮ್ಮಗನ ಮಕ್ಕಳು ಆಡುತ್ತಿದ್ದ ಅಂಗಳದ ಕಡೆ ನೋಡಿದರು. ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಬಳಿಕ, ಮೊದಲು ಕಸಿಗೆ ಕಡ್ಡಿ ತೆಗೆಯಿರಿ ಎಂದರು. ಮಿತ್ರರು ಅರ್ಜಿಯನ್ನು ಕೊಟ್ಟರು. ಅಪ್ಪಣೆ ವೈಶಾಖದಲ್ಲಿ ಬಂದಿತು. ಹಿಂದಿನ ಸಂಜೆ ತಾಯಿಯವರು ಯಾರೂ ಹೇಳಿಕೊಡದೆ ಬುಡದಲ್ಲಿ ದೀಪವಿಟ್ಟು, ಹಾಲೆರೆದು, ಇದರಲ್ಲಿ ಯಾರಾದರೂ ಇದ್ದರೆ ಬೇರೆ ಕಡೆಗೆ ಹೋಗಿ, ಮಕ್ಕಳ ಮೇಲೆ ಕೋಪ ಬೇಡ ಎಂದು ತುಳುವಿನಲ್ಲಿ ಬೇಡಿಕೊಂಡರು.

ಕಡಿಯುವ ದಿನ ನನ್ನ ಶಾಸ್ತ್ರಕ್ಕೆ ಒಂದು ಇಕ್ಕಟ್ಟು ಬಂದಿತು. ಮರ ಮನೆಯ ನೈಋತ್ಯದಲ್ಲಿ. ಶುಭವಾದ ಈಶಾನ್ಯಕ್ಕೆ ಬೀಳಿಸಿದರೆ ಬೀಳುವುದು ಮಕ್ಕಳ ಕೋಣೆಯ ಮೇಲೆ. ಮಳೆಗಾಲದ ಗಾಳಿ ಅದನ್ನು ದೂಡುತ್ತಿದ್ದುದೂ ಅದೇ ದಿಕ್ಕಿಗೆ. ಮುದುಕನ ಮಗನು ಯಂತ್ರಗರಗಸದೊಡನೆ ಮೇಲೇರಿ, ತುದಿಯಿಂದ ಒಂದೊಂದೇ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿದನು. ಕೊನೆಗೆ ಮೊಂಡುಕಾಂಡವನ್ನು ಪಶ್ಚಿಮದ ಗದ್ದೆಗೆ ಎಳೆದು ಕೆಡಹಿದರು. ಆಚಾರ್ಯನಲ್ಲಿ ಮನಸ್ಸಿನಲ್ಲಿಯೇ ಕ್ಷಮೆ ಕೇಳಿಕೊಂಡೆನು. ಕಡಿದ ಬುಡವನ್ನು ನೋಡಿದರೆ ಒಳಗೆಲ್ಲ ಕರಿಯ ಹುಡಿ. ಗಟ್ಟಿಯಾದ ಮರ ಉಳಿದಿದ್ದುದು ಒಂದು ಗೇಣಿನಷ್ಟು, ಅದೂ ಒಂದೇ ಪಕ್ಕದಲ್ಲಿ.

ಬುಡದಿಂದ ತುಸು ಆಚೆಗೆ ಒಂದು ಬಕುಲವನ್ನೂ ತೋಟದ ಅಂಚಿನಲ್ಲಿ ಹಲಸಿನ ಸಸಿಯನ್ನೂ ನೆಟ್ಟಿದ್ದಾರೆ. ಐದು ಕಸಿಗಳಲ್ಲಿ ಮೂರು ಹಿಡಿದಿವೆ. ಅವನ್ನು ಎಲ್ಲಿ ಇಡಬೇಕೆಂದು ತಾಯಿಯವರು ಕೇಳಿದಾಗ ಮಾಡಿನಿಂದ ಅರುವತ್ತು ಹೆಜ್ಜೆಗಳನ್ನು ಅಳೆದು ತೋರಿಸಿದೆನು. ಅಷ್ಟು ದೂರಕ್ಕೆ ಮಿಡಿ ಹೆಕ್ಕಲು ಯಾರು ಹೋಗುತ್ತಾರೆ ಮಾಷ್ಟ್ರೇ, ಎಂದು ಅವರು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಬಂದು ಒಂದು ಕಲ್ಲನ್ನಿಟ್ಟರು.