ಪಲೂಸಿನ ವೈನ್ ಪಾರ್ಕ್ ಮತ್ತು ತಾಸಗಾವದ ಬೇದಾಣೆ

ಸಾಂಗ್ಲಿ ಮತ್ತು ಮಿರಜಗಳ ನಡುವಿನ ವಿಶ್ರಾಮಬಾಗವನ್ನು ಕನ್ನಡಿಗರು ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿಯವರು ಪಾಠ ಹೇಳಿದ, 1919ರಲ್ಲಿ ಸ್ಥಾಪನೆಯಾದ ವಿಲಿಂಗ್ಡನ್ ಕಾಲೇಜಿನಿಂದ ಬಲ್ಲರು. ಅಲ್ಲಿಂದ ಉತ್ತರಕ್ಕೆ ತಾಸಗಾವ, ಪಲೂಸಗಳತ್ತಲೂ ಪೂರ್ವಕ್ಕೆ ಕನ್ನಡದ ಮಾತು ಕೇಳಿಬರುವ ಜತ್ತದತ್ತಲೂ ಹಬ್ಬಿದ ದ್ರಾಕ್ಷಿತೋಟಗಳ ಪರಿಚಯ ಅವರಿಗೆ ಕಡಿಮೆ. ಮಳೆನೆರಳಿನ ಈ ಒಣ ಸೀಮೆಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲದಿರುವುದರಿಂದ ವರ್ಷಕ್ಕೆರಡು ಬಾರಿ ಚಾಟ್ನಿ, ಅಂದರೆ ಕವಲು ಸವರುವ ಕೆಲಸ, ನಡೆಯುತ್ತದೆ: ಏಪ್ರಿಲ್ ಸುಮಾರಿನದು ಕಡ್ಡಿ ಬೆಳೆಸಲು, ಅಕ್ಟೋಬರಿನದು ಹಣ್ಣು ಹಿಡಿಸಲು. ಥಾಮ್ಸನ್ ಸೀಡ್‌ಲೆಸ್ ಎಂಬ ಬೀಜರಹಿತ ತಳಿಯೂ ಅದರಿಂದಲೇ ತಾಸಗಾವ ತಾಲೂಕಿನಲ್ಲಿ ಆರಿಸಿ ಬೆಳೆಸಿದ ತಾಸ್-ಎ-ಗಣೇಶವೂ ಇಲ್ಲಿ ನೆಲೆಯೂರಿದವು; ಎರಡೂ ತಿನ್ನುವ ಹಣ್ಣುಗಳು.

ಉತ್ತಮ ಕೆಂಪು ವೈನಿಗೆ ಬೇಕಾದ ಹಣ್ಣು ಬೇರೆಯದೇ ಬಗೆಯದು. ಕಪ್ಪು ದ್ರಾಕ್ಷಿಯ ರಸಕ್ಕೂ ಸಾಮಾನ್ಯವಾಗಿ ಬಣ್ಣವಿರುವುದಿಲ್ಲವಾದ್ದರಿಂದ ರಸವನ್ನು ಸಿಪ್ಪೆಯೊಡನೆಯೇ ಹುದುಗಿಸಿ ಅದರ ಬಣ್ಣವನ್ನೂ ಟ್ಯಾನಿನ್ ಎಂಬ ಒಗರನ್ನೂ ಇಳಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ಕ್ಯಾಬರ್ನೆ ಸೊವಿನ್ಯೋ, ಶಿರಾಜ್‌ಗಳಂಥ ಸಣ್ಣ ಕಾಯಿಯ ತಳಿಗಳು ಬೇಕು. ಇಂಥ ಹಣ್ಣನ್ನು ವೈನರಿ ಕೊಳ್ಳದೆ ಹೋದರೆ ತಳ್ಳುಗಾಡಿಯಲ್ಲಿ ಮಾರುವುದಕ್ಕೂ ಬಾರದು, ಬೀಜವಿರುವುದರಿಂದ ಒಣಗಿಸಿದರೆ ಬೆಲೆಯೂ ಹುಟ್ಟದು.

ಕಾನೂನೂ ಬಹುಕಾಲ ಅನುಕೂಲವಾಗಿರಲಿಲ್ಲ. ಪಟವರ್ಧನರ ಸಾಂಗ್ಲಿ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮರುವರ್ಷವೇ ಮುಂಬಯಿ ಪಾನನಿಷೇಧ ಕಾಯ್ದೆ ಬಂದಿತು. ಅರ್ಧ ಶತಮಾನದ ಬಳಿಕ, 2001ರಲ್ಲಿ, ಮಹಾರಾಷ್ಟ್ರ ಸರಕಾರವು ದ್ರಾಕ್ಷಿ ಸಂಸ್ಕರಣಾ ನೀತಿಯನ್ನು ಸಾರಿ, ಸುಂಕದಲ್ಲಿ ರಿಯಾಯಿತಿ ಕೊಟ್ಟು, ನಾಸಿಕ್ ಜಿಲ್ಲೆಯ ವಿಂಚೂರಿನಲ್ಲಿಯೂ ಸಾಂಗ್ಲಿಯ ಪಲೂಸಿನಲ್ಲಿಯೂ ವೈನ್ ಪಾರ್ಕುಗಳನ್ನು ಯೋಜಿಸಿತು. ನಾಸಿಕ್ ದೇಶದ ವೈನ್ ರಾಜಧಾನಿಯೆನಿಸಿಕೊಂಡಿತು; ಕೃಷ್ಣಾ ಕಣಿವೆಯ ಹೆಸರು ಹೊತ್ತ ಪಲೂಸಿನದು ಆ ಎತ್ತರಕ್ಕೆ ಏರಲಿಲ್ಲ.

ಇದಕ್ಕೆ ಮಣ್ಣು, ಬಿಸಿಲುಗಳನ್ನಷ್ಟೇ ಹೊಣೆಮಾಡುವುದು ಸರಿಯಾಗಲಾರದು, ಏಕೆಂದರೆ ಇದೇ ಒಣ ಸೀಮೆಗೆ ತಾಗಿದ ಸೊಲ್ಲಾಪುರ ಜಿಲ್ಲೆಯ ಅಕಲೂಜದಲ್ಲಿ ಫ್ರಾತೆಲ್ಲಿ ಸಂಸ್ಥೆ ಒಳ್ಳೆಯ ಕೆಂಪು ವೈನನ್ನೇ ತಯಾರಿಸುತ್ತಿದೆ. ನಾಸಿಕ್‌ಗೆ ಮುಂಬಯಿಯ ಗಿರಾಕಿಯೂ, 1988ರಲ್ಲಿ ಆರಂಭವಾದ ದೊಡ್ಡಬಳ್ಳಾಪುರದ ಗ್ರೋವರ್ ಸಂಸ್ಥೆಗೆ ಬೆಂಗಳೂರಿನ ಗಿರಾಕಿಯೂ ಹತ್ತಿರದಲ್ಲಿದ್ದರೆ, ಸಾಂಗ್ಲಿಯಲ್ಲಿದ್ದದ್ದು ಅಡತಿ ಪೇಟೆ. ಹತ್ತಿರದ ಹರಿಪುರದ ಪೇವುಗಳಲ್ಲಿ, ಅಂದರೆ ನೆಲದಡಿಯ ಹಗೇವುಗಳಲ್ಲಿ, ಅರಿಸಿನವನ್ನು ಕೂಡಿಟ್ಟು, ದರ ನೋಡಿ ಹೊರತೆಗೆದು ಮಾರಿದ ಸಾಂಗ್ಲಿಯ ವರ್ತಕರಿಗೆ, ಕೆಡದಂತೆ ಕೂಡಿಟ್ಟು ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಮಾರಬಹುದಾದ ಸರಕಿನ ಮರ್ಮ ಚೆನ್ನಾಗಿ ಗೊತ್ತಿತ್ತು, ಮತ್ತು ದ್ರಾಕ್ಷಿಯಲ್ಲಿ ಅಂಥ ಸರಕೆಂದರೆ ಒಣದ್ರಾಕ್ಷಿ, ಇಲ್ಲಿನವರ ಬೇದಾಣೆ. ಮಾಗಿದ ಗೊಂಚಲನ್ನು ಪೊಟ್ಯಾಸಿಯಮ್ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿದರೆ ಸಿಪ್ಪೆಯ ಮೇಣದ ಪೊರೆ ಸಡಿಲಗೊಂಡು ತೇವ ಬೇಗ ಹೊರಹೋಗುತ್ತದೆ. ಬಳಿಕ ಶೆಡ್ಡಿನ ಬಲೆಗಳ ಮೇಲೆ ನೆರಳಿನಲ್ಲಿ ಒಣಗಿಸಿ, ಬಣ್ಣಕ್ಕಾಗಿ ಗಂಧಕದ ಹೊಗೆ ಕೊಟ್ಟು, ಕೋಲ್ಡ್ ಸ್ಟೋರೇಜಿಗೆ ಸೇರಿಸುತ್ತಾರೆ. ರೈತನು ದರಕ್ಕಾಗಿ ಕಾಯಬಲ್ಲನು. ಹುದುಗುವ ರಸಕ್ಕೆ ಆ ಸೈರಣೆಯಿಲ್ಲ, ವೈನರಿಯೊಂದನ್ನೇ ನೆಚ್ಚಿದ ತೋಟಗಾರನಿಗೆ ಆ ಸ್ವಾತಂತ್ರ್ಯವೂ ಇಲ್ಲ.

ಕರ್ನಾಟಕವು 2007ರಲ್ಲಿ ತನ್ನದೇ ವೈನ್ ನೀತಿಯನ್ನು ತಂದ ಮೇಲೆಯೂ ವಿಜಯಪುರ, ಅಥಣಿಗಳ ಬೆಳೆಗಾರರು ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ತಾಸಗಾವ, ಸಾಂಗ್ಲಿಗಳ ಸವಾಲಿಗೆ ಒಯ್ಯುವುದನ್ನು ಬಿಡಲಿಲ್ಲ. ಊರಿನ ಹೆಸರಿನಲ್ಲೇ ಸರಕನ್ನು ಕಾಯುವ ಭೌಗೋಳಿಕ ಸೂಚಕದ ಮುದ್ರೆ ನಾಸಿಕ್ ಕಣಿವೆಯಲ್ಲಿ ವೈನಿಗೆ ದೊರೆತಿದ್ದರೆ, ಸಾಂಗ್ಲಿಯಲ್ಲಿ ದೊರೆತಿರುವುದು ಒಣದ್ರಾಕ್ಷಿಗೆ ಮತ್ತು ಅರಿಸಿನಕ್ಕೆ.