ಮೇಷ್ಟ್ರು ನೌಕರರೋ, ಆಡಳಿತಗಾರರೋ?



ನಿಮ್ಮ ಕಾಲೇಜಿನ ಒಬ್ಬ ಅಧ್ಯಾಪಕರ ದಿನಚರಿಯನ್ನು ಗಮನಿಸಿ ನೋಡಿ. ಬೆಳಿಗ್ಗೆ ನಿಮಗೆ ಪಾಠ ಹೇಳಿದವರೇ ಮಧ್ಯಾಹ್ನ ಪ್ರವೇಶ ಸಮಿತಿಯಲ್ಲಿ ಕುಳಿತು ಅರ್ಜಿಗಳನ್ನು ಪರಿಶೀಲಿಸುತ್ತಾರೆ. ಇನ್ನೊಂದು ದಿನ ಪಠ್ಯಕ್ರಮ ಸಮಿತಿಯಲ್ಲಿ ಕುಳಿತು ನೀವು ಏನನ್ನು ಓದಬೇಕೆಂದು ತೀರ್ಮಾನಿಸುತ್ತಾರೆ. ತಿಂಗಳ ಕೊನೆಯಲ್ಲಿ ಮಾತ್ರ ಅವರೂ ಎಲ್ಲರಂತೆ ಸಂಬಳಕ್ಕೆ ಕಾಯುತ್ತಾರೆ. ಹಾಗಾದರೆ ಅವರನ್ನು ಏನೆಂದು ಕರೆಯಬೇಕು? ಸಂಸ್ಥೆಯ ನೌಕರರೆಂದೇ, ಸಂಸ್ಥೆಯನ್ನು ನಡೆಸುವವರೆಂದೇ?

ಇದು ಬರೀ ಮಾತಿನ ಜಾಣ್ಮೆಯ ಪ್ರಶ್ನೆಯಲ್ಲ. ಅಮೆರಿಕದಲ್ಲಿ ಇದೇ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿ ಬಂದ ಉತ್ತರದಿಂದ ಸಾವಿರಾರು ಪ್ರಾಧ್ಯಾಪಕರ ಸಂಘಗಳ ಹಣೆಬರಹವೇ ಬದಲಾಯಿತು.

ಕಥೆಯನ್ನು ಸ್ವಲ್ಪ ಹಿಂದಿನಿಂದ ಆರಂಭಿಸೋಣ. 1915ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರು ತಮ್ಮದೊಂದು ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ತತ್ತ್ವಜ್ಞಾನಿ ಜಾನ್ ಡ್ಯೂಯಿ ಅದರ ಮೊದಲ ಅಧ್ಯಕ್ಷರು. ನಮ್ಮ ಡಾ. ಅಂಬೇಡ್ಕರ್ ಅವರಿಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗುರುಗಳಾಗಿದ್ದವರು ಇವರೇ. ಸಂಘದ ಮುಖ್ಯ ಬೇಡಿಕೆ ಸಂಬಳವಾಗಿರಲಿಲ್ಲ. ತಾವು ಸತ್ಯವೆಂದು ಕಂಡದ್ದನ್ನು ಹೇಳಿದ ಕಾರಣಕ್ಕೆ ಯಾರೂ ಕೆಲಸ ಕಳೆದುಕೊಳ್ಳಬಾರದು, ವಿದ್ಯೆಯ ವಿಷಯದಲ್ಲಿ ವಿದ್ವಾಂಸರ ಮಾತೇ ನಡೆಯಬೇಕು ಎಂಬುದು ಅವರ ಆಗ್ರಹ. ಕಾರ್ಮಿಕ ಸಂಘವೆಂದರೆ ಗಿರಣಿಗೆ, ಗಣಿಗೆ ಸೇರಿದ್ದು ಎಂದೇ ಅನೇಕ ಪ್ರಾಧ್ಯಾಪಕರು ಭಾವಿಸಿದ್ದರು.

1935ರಲ್ಲಿ ಬಂದ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯ್ದೆ ಅಮೆರಿಕದ ಕಾರ್ಮಿಕರಿಗೆ ಒಂದು ದೊಡ್ಡ ಹಕ್ಕನ್ನು ಕೊಟ್ಟಿತು. ನೌಕರರು ಬಹುಮತದಿಂದ ಸಂಘವನ್ನು ಆರಿಸಿಕೊಂಡರೆ ಮಾಲೀಕರು ಅದರೊಡನೆ ಮಾತುಕತೆಗೆ ಕೂರಲೇಬೇಕು. ಕಾಯ್ದೆಯನ್ನು ಜಾರಿಗೊಳಿಸುವ ಮಂಡಳಿ 1970ರಲ್ಲಿ ಖಾಸಗಿ ವಿಶ್ವವಿದ್ಯಾಲಯಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. 1972ರಲ್ಲಿ ಪ್ರಾಧ್ಯಾಪಕರ ರಾಷ್ಟ್ರೀಯ ಸಂಘವೂ ಸಾಮೂಹಿಕ ಚೌಕಾಶಿಯ ದಾರಿಯನ್ನು ಒಪ್ಪಿಕೊಂಡಿತು.

ಈಗ ಪ್ರಾಧ್ಯಾಪಕರ ಕೊಠಡಿಗಳಲ್ಲೇ ಚರ್ಚೆ ಬಿಸಿಯೇರಿತು. ಸಂಘ ಬೇಡವೆನ್ನುವವರ ವಾದ ಹೀಗಿತ್ತು: ನಮಗೆ ವಿದ್ವತ್ ಸಭೆಗಳಿವೆ, ಅಲ್ಲಿ ನಮ್ಮ ಮಾತು ನಡೆಯುತ್ತದೆ. ಎದುರಾಳಿಗಳಂತೆ ಮೇಜಿನ ಆಚೆ ಈಚೆ ಕುಳಿತರೆ ಆ ಆತ್ಮೀಯತೆ ಹೋಗುತ್ತದೆ, ಪ್ರತಿಭೆಯ ಬದಲು ಸೇವಾವಧಿಯೇ ಎಲ್ಲಕ್ಕೂ ಅಳತೆಗೋಲಾಗುತ್ತದೆ. ಬೇಕೆನ್ನುವವರ ಉತ್ತರವೂ ಗಟ್ಟಿಯಾಗಿತ್ತು: ಸಭೆಯಲ್ಲಿ ನಾವು ಶಿಫಾರಸು ಮಾಡಬಹುದು, ಅಷ್ಟೆ. ಹಣದ ಗಂಟಿರುವುದು ಆಡಳಿತ ಮಂಡಳಿಯ ಕೈಯಲ್ಲಿ. ಅವರು ನಮ್ಮ ಮಾತನ್ನು ತಳ್ಳಿಹಾಕಿದ ದಿನ ನಮ್ಮ ಕೈಯಲ್ಲಿ ಏನಿರುತ್ತದೆ?

ಇಂಥ ಸಮಯದಲ್ಲಿ ನ್ಯೂಯಾರ್ಕಿನ ಯೆಶಿವಾ ವಿಶ್ವವಿದ್ಯಾಲಯದ ಅಧ್ಯಾಪಕರು 1974ರಲ್ಲಿ ಮಂಡಳಿಗೆ ಅರ್ಜಿ ಹಾಕಿದರು. ಚುನಾವಣೆ ನಡೆಯಿತು, ಸಂಘ ಗೆದ್ದಿತು, ಮಾನ್ಯತೆಯೂ ದೊರೆಯಿತು. ಆದರೆ ವಿಶ್ವವಿದ್ಯಾಲಯ ಮಾತುಕತೆಗೆ ಒಪ್ಪಲಿಲ್ಲ. ಆಡಳಿತದ ನೀತಿಯನ್ನು ರೂಪಿಸುವವರಿಗೆ ಕಾಯ್ದೆಯ ರಕ್ಷಣೆ ಇಲ್ಲ, ನಮ್ಮ ಪ್ರಾಧ್ಯಾಪಕರು ಅಂಥವರೇ ಎಂಬುದು ಅದರ ವಾದ.

1980ರ ಫೆಬ್ರವರಿ 20ರಂದು ತೀರ್ಪು ಬಂದಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ವಿಶ್ವವಿದ್ಯಾಲಯದ ಪರ, ನಾಲ್ವರು ವಿರುದ್ಧ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಪವೆಲ್ ಅವರ ತರ್ಕ ಸರಳ. ಯಾವ ವಿಷಯ ಕಲಿಸಬೇಕು, ಯಾರಿಗೆ ಕಲಿಸಬೇಕು, ಹೇಗೆ ಕಲಿಸಬೇಕು, ಯಾರಿಗೆ ಪದವಿ ಕೊಡಬೇಕು ಎಂಬುದನ್ನೆಲ್ಲ ಇಲ್ಲಿ ಅಧ್ಯಾಪಕರೇ ನಿರ್ಧರಿಸುತ್ತಾರೆ. ವಿಶ್ವವಿದ್ಯಾಲಯದಲ್ಲಿ ಇದಕ್ಕಿಂತ ದೊಡ್ಡ ಆಡಳಿತ ಬೇರೆ ಯಾವುದಿದೆ? ಭಿನ್ನಮತದ ನ್ಯಾಯಮೂರ್ತಿ ಬ್ರೆನನ್ ಇದನ್ನು ಒಪ್ಪಲಿಲ್ಲ. ಇಂದಿನ ವಿಶ್ವವಿದ್ಯಾಲಯ ಮಧ್ಯಯುಗದ ವಿದ್ವಾಂಸರ ಮಂಡಲಿಯಂತಿಲ್ಲ, ದೊಡ್ಡ ಉದ್ಯಮದಂತೆ ಮೇಲಿನವರ ಕೈಯಲ್ಲಿ ನಡೆಯುತ್ತದೆ. ಪ್ರಾಧ್ಯಾಪಕರು ಕೊಡುವುದು ತಜ್ಞರ ಸಲಹೆ. ಅದು ಮಾಲೀಕರ ಪರವಾದ ಆಡಳಿತವಲ್ಲ ಎಂದರು.

ಇಲ್ಲಿನ ವಿಪರ್ಯಾಸವನ್ನು ಗಮನಿಸಿ. 1915ರಿಂದ ಹೋರಾಡಿ ಪಡೆದ ಧ್ವನಿಯೇ, ಸಂಘ ಬೇಡವೆನ್ನಲು ಸಾಕ್ಷಿಯಾಯಿತು. ಬಾಸ್ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು 1979ರಲ್ಲಿ ಮುಷ್ಕರ ಹೂಡಿದ್ದರು. ಯೆಶಿವಾ ತೀರ್ಪಿನ ನಂತರ ಆಡಳಿತ ಅದೇ ವಾದವನ್ನು ಮುಂದಿಟ್ಟಿತು; 1986ರಲ್ಲಿ ಮಂಡಳಿ ಅದನ್ನು ಒಪ್ಪಿತು. 2014ರಲ್ಲಿ ಮಂಡಳಿ ತನ್ನ ಅಳತೆಯನ್ನು ತಿದ್ದಿಕೊಂಡಿತು. ಸಮಿತಿಯಲ್ಲಿ ಹೆಸರಿದ್ದರೆ ಸಾಲದು, ಅಧ್ಯಾಪಕರ ಮಾತು ನಿಜಕ್ಕೂ ನಡೆಯುತ್ತದೆಯೇ ಎಂದು ತೋರಿಸಬೇಕು ಎಂದಿತು.

ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಆಯಾ ರಾಜ್ಯದ ಕಾನೂನು ಅನ್ವಯಿಸುತ್ತದೆ. 2023ರಲ್ಲಿ ಫ್ಲಾರಿಡಾ ರಾಜ್ಯ ಒಂದು ಕಾಯ್ದೆ ತಂದಿತು. ಒಂದು ಘಟಕದ ನೌಕರರಲ್ಲಿ ಶೇಕಡ 60ರಷ್ಟು ಮಂದಿ ಚಂದಾ ಕೊಡುವ ಸದಸ್ಯರಾಗಿರದಿದ್ದರೆ, ಮಾನ್ಯತೆ ಉಳಿಸಿಕೊಳ್ಳಲು ಸಂಘ ಮತ್ತೆ ಚುನಾವಣೆಗೆ ಅರ್ಜಿ ಹಾಕಬೇಕು. ಚಂದಾವನ್ನು ಸಂಬಳದಲ್ಲೇ ಹಿಡಿಯುವ ಪದ್ಧತಿಯೂ ನಿಂತಿತು. ಪೊಲೀಸರಿಗೆ, ಅಗ್ನಿಶಾಮಕ ಸಿಬ್ಬಂದಿಗೆ ಇದರಿಂದ ವಿನಾಯಿತಿ ಇತ್ತು, ಪ್ರಾಧ್ಯಾಪಕರಿಗೆ ಇರಲಿಲ್ಲ. ಸಂಘ ಹೇಗೂ ಇದೆ ಎಂದು ಸುಮ್ಮನಿದ್ದವರ ಮೌನ ಅಲ್ಲಿಯವರೆಗೆ 'ಇರಲಿ' ಎಂಬ ಅರ್ಥ ಕೊಡುತ್ತಿತ್ತು. ಈಗ ಅದೇ ಮೌನ 'ಬೇಡ' ಎಂಬ ಕಡೆಗೆ ಲೆಕ್ಕವಾಗತೊಡಗಿತು.

ಇದು ಎಲ್ಲೋ ದೂರದ ಮಾತು ಎನ್ನುತ್ತೀರಾ? ನಮ್ಮಲ್ಲೂ ಇದಕ್ಕೆ ಹೋಲುವ ಕಥೆಯಿದೆ. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 'ಕೈಗಾರಿಕೆ' ಎಂಬ ಪದಕ್ಕೆ ವಿಶಾಲವಾದ ಅರ್ಥ ಕೊಟ್ಟಿತು. ಶಿಕ್ಷಣ ಸಂಸ್ಥೆಗಳೂ ಅದರೊಳಗೆ ಬಂದವು. ಆದರೆ 1988ರಲ್ಲಿ ಗೋವಾದ ಶಾಲಾ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಶಾಲೆ ಕೈಗಾರಿಕೆಯಾದರೂ ಶಿಕ್ಷಕರು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಅರ್ಥದಲ್ಲಿ 'ಕೆಲಸಗಾರ'ರಲ್ಲ ಎಂದಿತು. ಪಾಠ ಹೇಳುವುದು ಒಂದು ಉದಾತ್ತ ಕಾಯಕ, ಅದನ್ನು ಕಾರಕೂನಿಕೆಗೋ ಕೈಗೆಲಸಕ್ಕೋ ಸೇರಿಸಲಾಗದು ಎಂಬುದು ಅದರ ನೋಟ. ಜೊತೆಗೆ, ಶಿಕ್ಷಕರ ದೂರುಗಳ ಪರಿಹಾರಕ್ಕೆ ಪ್ರತ್ಯೇಕ ಕಾನೂನು ಬೇಕೆಂದೂ ಸೂಚಿಸಿತು. ಆ ತೀರ್ಪು ಬರೆದವರು ಮಂಡ್ಯ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯ; ಮರುವರ್ಷ ಅವರು ದೇಶದ ಮುಖ್ಯ ನ್ಯಾಯಮೂರ್ತಿಗಳಾದರು.

ಅಲ್ಲಿ ಅಧಿಕಾರವಿದೆ ಎಂದು ಬಾಗಿಲು ಮುಚ್ಚಿತು, ಇಲ್ಲಿ ಗೌರವವಿದೆ ಎಂದು. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಲಿಟ್ಮಸ್ ಕಾಗದ ನೆನಪಾಗುತ್ತದೆ. ಅದಕ್ಕೆ ಗೊತ್ತಿರುವುದು ಕೆಂಪು ಮತ್ತು ನೀಲಿ ಮಾತ್ರ. ಕಾನೂನೂ ಹಾಗೆಯೇ ಎರಡೇ ಬಣ್ಣ ಕೇಳುತ್ತದೆ. ಮೇಷ್ಟ್ರ ಕೆಲಸದಲ್ಲಿ ಎರಡೂ ಬೆರೆತಿವೆ.

ಆದರೆ ಒಂದು ಪರೀಕ್ಷೆಯನ್ನು ನಾವೇ ಮಾಡಬಹುದು. ತೀರ್ಮಾನದಲ್ಲಿ ಪಾಲು ಇಲ್ಲದವನನ್ನು ಆಡಳಿತಗಾರ ಎನ್ನಲಾಗದು. ಮುಂದಿನ ವರ್ಷದ ಕೆಲಸವೇ ಖಚಿತವಿಲ್ಲದವನಿಗೆ ಗೌರವ ಒಂದೇ ಆಸರೆಯಾಗದು. ಅಮೆರಿಕದಲ್ಲಿ ಅರೆಕಾಲಿಕ ಬೋಧಕರು ಇತ್ತೀಚಿನ ದಶಕಗಳಲ್ಲಿ ಸಂಘ ಕಟ್ಟಿಕೊಂಡದ್ದು ಇದೇ ನೆಲೆಯಲ್ಲಿ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಬೀದಿಗಿಳಿದಾಗಲೂ ಕೇಳಿದ್ದು ಈ ಭದ್ರತೆಯನ್ನೇ.

ಮುಂದೆ ಎಂದಾದರೂ ನಿಮ್ಮ ಅಧ್ಯಾಪಕರ ಸಂಘದ ಸಭೆಯ ಸೂಚನೆಯನ್ನು ಫಲಕದಲ್ಲಿ ಕಂಡರೆ, ಇವತ್ತು ಕ್ಲಾಸು ಇದೆಯೋ ಇಲ್ಲವೋ ಎಂದಷ್ಟೇ ನೋಡಿ ಹೋಗಬೇಡಿ. ನಿಮ್ಮ ಕಾಲೇಜಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬ ಹಳೆಯ ಚರ್ಚೆ ಅಲ್ಲಿ ಮುಂದುವರಿದಿದೆ. ನಾಳೆ ನಿಮ್ಮಲ್ಲೇ ಕೆಲವರು ಆ ಕೊಠಡಿಯಲ್ಲಿ ಕೂರುವವರಿದ್ದೀರಿ. ಆಗ ನೀವು ಯಾವ ಕಡೆಗೆ ಕೈ ಎತ್ತುತ್ತೀರಿ ಎಂಬುದು ನಿಮಗೇ ಬಿಟ್ಟದ್ದು. ಕೈ ಎತ್ತದೆ ಕೂರುವುದೂ ಒಂದು ಮತವೇ ಎಂಬುದು ಮಾತ್ರ ನೆನಪಿರಲಿ.