ಓಂ ಬೀಚ್‌ಗೆ ಬೆನ್ನು ಹಾಕಿ ಎರಡು ದಿನ: ಉಪ್ಪು, ಮೆಣಸು, ಹತ್ತಿ ಮತ್ತೆ ತೆರಿಗೆ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಹಾಗಾದ್ರೆ ಶುರು ಮಾಡೋಣ.

ಮಾರ್ಚ್ ತಿಂಗಳ ಒಂದು ವೀಕೆಂಡ್. ನಾವು ನಾಲ್ಕು ಜನ ಬೆಂಗಳೂರಿಂದ ಶುಕ್ರವಾರ ರಾತ್ರಿ ಸ್ಲೀಪರ್ ಬಸ್ ಹತ್ತಿ ಗೋಕರ್ಣಕ್ಕೆ ಹೋದ್ವಿ. ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಓಂ ಬೀಚ್‌ನಲ್ಲಿ ಕಾಲಿಡೋಕೆ ಜಾಗ ಇಲ್ಲ. ಕುಡ್ಲೆ ಬೀಚ್‌ನಲ್ಲೂ ಅದೇ ಕಥೆ. ಅರ್ಧ ಬೆಂಗಳೂರು ಅಲ್ಲೇ ಇತ್ತು, ನನ್ನ ಹಳೇ ಆಫೀಸಿನವರು ಇಬ್ಬರು ಸಿಕ್ಕರು ಅಂದ್ರೆ ಲೆಕ್ಕ ಹಾಕಿ. ಮಧ್ಯಾಹ್ನದ ಹೊತ್ತಿಗೆ ಫ್ರೆಂಡ್ ಒಬ್ಬಳು, "ಬೀಚ್ ಬಿಟ್ಟರೆ ಇಲ್ಲಿ ಬೇರೆ ಏನಿದೆ?" ಅಂದಳು. ಯಾಣ ಇದೆ ಅಂದೆ. ಅದನ್ನ ಎಲ್ಲರೂ ನೋಡಿಯಾಗಿತ್ತು.

ಆಗ ನೆನಪಾಗಿದ್ದು, ಬರುವಾಗ ಬಸ್ಸಿನ ಕಿಟಕಿಯಿಂದ ಕಂಡಿದ್ದ ಬಿಳಿ ರಾಶಿಗಳು. ಗೋಕರ್ಣಕ್ಕೆ ಐದಾರು ಕಿಲೋಮೀಟರ್ ಮುಂಚೆ ಸಾಣಿಕಟ್ಟಾ ಅಂತ ಊರು. ಕಣ್ಣು ಹಾಯುವಷ್ಟು ದೂರ ಚೌಕ ಚೌಕ ಉಪ್ಪಿನ ಗದ್ದೆಗಳು. ಆಟೋ ಮಾಡ್ಕೊಂಡು ವಾಪಸ್ ಅಲ್ಲಿಗೇ ಹೋದ್ವಿ. ಆವತ್ತು ಮಧ್ಯಾಹ್ನ ಮತ್ತೆ ಮಾರನೇ ದಿನ ಪೂರ್ತಿ ಸುತ್ತಮುತ್ತಲ ಊರುಗಳನ್ನ ಸುತ್ತಿದ್ದರ ಕಥೆ ಇದು. ನಾನು ಬಿ.ಕಾಂ. ಓದಿದವಳು, ನಾಲ್ಕು ವರ್ಷ ಬೇರೆಯವರ ಜಿಎಸ್‌ಟಿ ರಿಟರ್ನ್ ತುಂಬಿ ಸಂಬಳ ತಗೊಂಡವಳು. ಅದಕ್ಕೇ ಇರಬೇಕು, ಎಲ್ಲಿ ಹೋದರೂ ನನಗೆ ಕಂಡಿದ್ದು ಒಂದೇ ಪ್ರಶ್ನೆ: ಇಲ್ಲಿ ಹಾದುಹೋದ ಸರಕಿನ ಮೇಲೆ ದುಡ್ಡು ವಸೂಲಿ ಮಾಡಿದ್ದು ಯಾರು?

ಸಾಣಿಕಟ್ಟಾದಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಅಮ್ಮ ನಮ್ಮನ್ನ ನೋಡಿ ನಕ್ಕರು. "ಎಂತ ನೋಡ್ತೀರಿ ತಂಗಿ, ಉಪ್ಪು ಕಾಣ್ಲಿಲ್ವಾ ಮೊದ್ಲು?" ನಿಜ ಹೇಳಬೇಕಂದ್ರೆ, ಹಾಗೆ ಕಂಡಿರಲಿಲ್ಲ. ಪ್ಯಾಕೆಟ್ಟಿನಲ್ಲಿ ಕಂಡಿದ್ದೆ, ಅಷ್ಟೇ. ಇಲ್ಲಿ ಅಘನಾಶಿನಿ ಅಳಿವೆಯ ಉಪ್ಪುನೀರನ್ನ ಕಾಲುವೆಯಲ್ಲಿ ಒಳಗೆ ಬಿಟ್ಟುಕೊಳ್ತಾರೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹರಿಸ್ತಾ ಹರಿಸ್ತಾ ಬಿಸಿಲಲ್ಲಿ ನೀರು ಗಟ್ಟಿಯಾಗುತ್ತೆ. ಕೊನೇ ಗದ್ದೆಯಲ್ಲಿ ಹರಳು ಕಟ್ಟುತ್ತೆ. ಉದ್ದ ಹಿಡಿಯ ಹಲಗೆಯಿಂದ ಅದನ್ನ ಎಳೆದು ರಾಶಿ ಹಾಕ್ತಾರೆ. ಬೇಸಿಗೆ ಮುಗಿದು ಮೊದಲ ಮಳೆ ಬಿತ್ತು ಅಂದ್ರೆ ಸೀಸನ್ ಮುಗೀತು. ಈ ಜಿಲ್ಲೆಯಲ್ಲಿ ಆಗೇರ ಸಮುದಾಯದವರು ತಲೆತಲಾಂತರದಿಂದ ಈ ಕೆಲಸ ಬಲ್ಲವರು. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಮನೆಗಳಲ್ಲಿ ಈಗಲೂ ಸಾಣಿಕಟ್ಟಾ ಉಪ್ಪೇ ಬೇಕು ಅಂತಾರೆ. ನಾನೂ ಒಂದು ಚೀಲ ತಗೊಂಡೆ. ಆ ಚೀಲದ ವಿಷಯ ಕೊನೆಗೆ ಹೇಳ್ತೀನಿ.

ಅಲ್ಲಿಂದ ಅರ್ಧ ಗಂಟೆ ದಾರಿ, ಹೆದ್ದಾರಿಯ ಪಕ್ಕದಲ್ಲೇ ಮಿರ್ಜಾನ್ ಕೋಟೆ. ಜಂಬಿಟ್ಟಿಗೆಯ ಗೋಡೆ, ಸುತ್ತ ಕಂದಕ, ಒಳಗೆ ಬಾವಿಗಳು, ಎಲ್ಲದರ ಮೇಲೂ ಹಸಿರು ಪಾಚಿ. ಫೋಟೋಗೆ ಹೇಳಿ ಮಾಡಿಸಿದ ಜಾಗ. ಇದನ್ನ ಕಟ್ಟಿಸಿದ್ದು ಯಾರು ಅನ್ನೋದರಲ್ಲಿ ಎರಡು ಮಾತಿವೆ. ಕೆಲವರು ಬಿಜಾಪುರದ ಅಧಿಕಾರಿ ಅಂತಾರೆ, ಊರವರು ರಾಣಿ ಚೆನ್ನಭೈರಾದೇವಿ ಅಂತಾರೆ. ಗಜಾನನ ಶರ್ಮ ಅವರ ಕಾದಂಬರಿ ಬಂದ ಮೇಲಂತೂ ಈ ರಾಣಿಯ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಅವಳ ಊರು ಇದಲ್ಲ. ಅವಳದು ಹೊನ್ನಾವರದಿಂದ ಒಳಗೆ, ಶರಾವತಿ ದಡದ ಗೇರುಸೊಪ್ಪೆ.

ಗೇರುಸೊಪ್ಪೆಗೆ ಭಾನುವಾರ ಬೆಳಗ್ಗೆ ಬೇಗ ಹೊರಟು ಹೋದ್ವಿ. ಲೆಕ್ಕ ಸಿಂಪಲ್. ಕಾಳುಮೆಣಸು ಬೆಳೆಯೋದು ಘಟ್ಟದ ಮೇಲೆ, ಹಡಗು ನಿಲ್ಲೋದು ಸಮುದ್ರದಲ್ಲಿ. ನಡುವಿನ ದಾರಿ ನದಿ. ಆ ನದಿ ಯಾರ ಕೈಲಿದೆಯೋ ಸುಂಕ ಅವರದು. 16ನೇ ಶತಮಾನದ ದ್ವಿತೀಯಾರ್ಧದ ಉದ್ದಕ್ಕೂ ಅದು ಇದ್ದಿದ್ದು ಚೆನ್ನಭೈರಾದೇವಿ ಕೈಲಿ. ಪೋರ್ಚುಗೀಸರು ಅವಳನ್ನ ಕರೆದಿದ್ದೇ 'ಮೆಣಸಿನ ರಾಣಿ' ಅಂತ. ಅದು ಹೊಗಳಿಕೆ ಅಂತ ನಾವು ತಿಳ್ಕೊಂಡಿದ್ದೀವಿ. ನನಗನ್ಸೋದು, ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಯಾಕಂದ್ರೆ ಸಮುದ್ರದ ಮೇಲೆ ವಸೂಲಿ ಮಾಡ್ತಿದ್ದವರು ಅವರು. ಕರ್ತಾಜ್ ಅಂತ ಒಂದು ಪರವಾನಗಿ ಚೀಟಿ ಕೊಡ್ತಿದ್ರು. ಅದು ಇಲ್ಲದೆ ಸರಕು ತುಂಬಿಕೊಂಡು ಹೊರಟ ಹಡಗು ಸಿಕ್ಕರೆ ಹಡಗು, ಸರಕು ಎರಡೂ ಜಪ್ತಿ. ಇ-ವೇ ಬಿಲ್ ಇಲ್ಲದ ಲಾರಿ ಹಿಡಿದ ಹಾಗೆ, ಆದರೆ ದಂಡ ಕಟ್ಟಿ ಬಿಡಿಸಿಕೊಳ್ಳೋ ಅವಕಾಶ ಇಲ್ಲ, ಎದುರಿಗೆ ಫಿರಂಗಿ. 1569ರಲ್ಲಿ ಗೋವಾದ ವೈಸ್‌ರಾಯ್ ಲೂಯಿಸ್ ದೆ ಅತೈದೆ ಹಡಗು ತಂದು ರಾಣಿಯ ಬಂದರು ಹೊನ್ನಾವರವನ್ನ ಸುಟ್ಟು ವಶ ಮಾಡಿಕೊಂಡ. ಬಂದರು ಹೋದರೂ ಒಳನಾಡಿನ ರಾಜ್ಯ ಉಳೀತು. ಅದು ಬಿದ್ದಿದ್ದು 17ನೇ ಶತಮಾನದ ಶುರುವಿನಲ್ಲಿ, ನಮ್ಮವರೇ ಆದ ಕೆಳದಿಯ ವೆಂಕಟಪ್ಪ ನಾಯಕನ ಕೈಯಲ್ಲಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಇಕ್ಕೇರಿಗೆ ಹೋಗುವಾಗ ಹೊನ್ನಾವರದಿಂದ ದೋಣಿಯಲ್ಲಿ ಇದೇ ನದಿ ಹತ್ತಿ ಬಂದ. ನದಿಯ ಚೆಂದವನ್ನ ಮನಸಾರೆ ಹೊಗಳಿದ. ಊರು ಮಾತ್ರ ಆಗಲೇ ಹಾಳು ಬಿದ್ದು ಗಿಡಗಂಟಿ ಬೆಳೆದಿತ್ತು. ಇಪ್ಪತ್ತು ವರ್ಷ ಆಗಿತ್ತೋ ಇಲ್ಲವೋ, ಅಷ್ಟೇ! ಈಗ ಉಳಿದಿರೋದು ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಮತ್ತೆ ಅಲ್ಲಲ್ಲಿ ಕಲ್ಲುಗಳು. ನಾವು ಹೋದಾಗ ನಾಲ್ವರು ಬಿಟ್ಟರೆ ಐದನೆಯವರು ಇರಲಿಲ್ಲ.

ವಾಪಸ್ ಬರುವಾಗ ಕುಮಟಾದಲ್ಲಿ ಊಟ. ಕುಮಟಾ ಅಂದ್ರೆ ನಮಗೆಲ್ಲ ಬಸ್ ಬದಲಾಯಿಸೋ ಊರು, ಅಲ್ವಾ? ಆದರೆ 1860ರ ಹೊತ್ತಿಗೆ ಮುಂಬೈ ಹತ್ತಿ ಪೇಟೆಯಲ್ಲಿ ಈ ಊರ ಹೆಸರಲ್ಲಿ ಒಂದು ಮಾಲೇ ಇತ್ತು, 'ಕುಮ್ಟಾ ಹತ್ತಿ'. ತಮಾಷೆ ಏನಂದ್ರೆ ಕುಮಟಾದಲ್ಲಿ ಹತ್ತಿ ಬೆಳೆಯೋದೇ ಇಲ್ಲ. ಬೆಳೆದಿದ್ದು ಧಾರವಾಡದ ಕರಿ ಮಣ್ಣಿನಲ್ಲಿ. ಅದು ಎತ್ತಿನ ಗಾಡಿಗಳಲ್ಲಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು, ಇಲ್ಲಿ ಹಾಯಿ ಹಡಗು ಹತ್ತಿ ಮುಂಬೈಗೆ ಹೋಗ್ತಿತ್ತು. ಹೆಸರು ಮಾತ್ರ ಬಂದರಿನದು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ದಕ್ಷಿಣದ ರಾಜ್ಯಗಳ ಹತ್ತಿ ಬರೋದು ನಿಂತುಹೋಗಿ ಮ್ಯಾಂಚೆಸ್ಟರ್ ಗಿರಣಿಗಳು ಕಂಗಾಲಾದವು. ಭಾರತದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಈಗ ನೋಡಿ: 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸ್ ಪ್ರಾಂತ್ಯದಿಂದ ತೆಗೆದು ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದರು. ಹತ್ತಿ ಬೆಳೆಯುವ ಧಾರವಾಡ ಒಂದು ಪ್ರಾಂತ್ಯ, ಹತ್ತಿ ಸಾಗಿಸುವ ಬಂದರು ಇನ್ನೊಂದು ಪ್ರಾಂತ್ಯ ಆದರೆ ರಸ್ತೆ ಮಾಡಿಸೋದು ಯಾರು ಅನ್ನೋ ತಕರಾರು ಇತ್ತು. ಮ್ಯಾಂಚೆಸ್ಟರ್‌ನ ವ್ಯಾಪಾರಿಗಳು ಇದರ ಹಿಂದೆ ಬಿದ್ದಿದ್ದರು. ಉತ್ತರ ಕನ್ನಡ, ದಕ್ಷಿಣ ಕನ್ನಡ ಅಂತ ಎರಡು ಜಿಲ್ಲೆ ಯಾಕಿವೆ ಅಂತ ಶಾಲೆಯಲ್ಲಿ ಯಾರೂ ನಮಗೆ ಹೇಳಲಿಲ್ಲ. ಉತ್ತರದ ಒಂದು ದೊಡ್ಡ ಭಾಗ ಹತ್ತಿ.

ಇದರಲ್ಲೊಂದು ಪಜೀತಿಯೂ ಇದೆ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಅಂತ ಒಂದು ಕಂಪನಿ ಕಾರವಾರದ ಹತ್ತಿರದ ಸದಾಶಿವಗಡಕ್ಕೆ ಹತ್ತಿ ಒತ್ತುವ ಯಂತ್ರಗಳನ್ನ ಹಡಗಿನಲ್ಲಿ ಕಳಿಸಿತು. ಬಂದು ನೋಡಿದರೆ ಇಳಿಸೋಕೆ ಸರಿಯಾದ ಧಕ್ಕೆ ಇಲ್ಲ, ಘಟ್ಟ ಹತ್ತೋಕೆ ರಸ್ತೆ ಮುಗಿದಿಲ್ಲ. ಸ್ಟಾರ್ಟಪ್‌ಗಳಲ್ಲಿ ಕೆಲಸ ಮಾಡಿದವರಿಗೆ ಈ ಕಥೆ ಅರ್ಥ ಆಗುತ್ತೆ, ನಾನು ಜಾಸ್ತಿ ಹೇಳಲ್ಲ. 1865ರಲ್ಲಿ ಯುದ್ಧ ಮುಗೀತು, ಹತ್ತಿ ಬೆಲೆ ಕುಸೀತು, ಮುಂಬೈಯಲ್ಲಿ ಕಂಪನಿಗಳೂ ಬ್ಯಾಂಕುಗಳೂ ಮುಳುಗಿದವು. ಆಮೇಲೆ 1880ರ ದಶಕದ ಕೊನೆಗೆ ಗೋವಾದ ಮರ್ಮಗೋವಾ ಬಂದರಿಗೆ ರೈಲು ಬಂತು. ಧಾರವಾಡದ ಹತ್ತಿ ರೈಲು ಹತ್ತಿತು. ಕುಮಟಾದ ಕೈಯಿಂದ ವ್ಯಾಪಾರ ಜಾರಿಹೋಯಿತು.

ಹತ್ತಿ ಹೋಯ್ತು, ಆದರೆ ಹತ್ತಿ ಹಾಕಿದ ಗೆರೆ ಉಳೀತು. ಉತ್ತರ ಕನ್ನಡ ಬಾಂಬೆ ಪ್ರಾಂತ್ಯದಲ್ಲೇ ಇತ್ತು, ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಜೊತೆ. ಹಾಗಾಗಿ 1930ರಲ್ಲಿ ಗಾಂಧಿ ದಂಡಿಯಲ್ಲಿ ಉಪ್ಪು ಎತ್ತಿದಾಗ, ಬಯಲುಸೀಮೆಯ ಕಾಂಗ್ರೆಸ್ಸಿನವರಿಗೆ ತಮ್ಮದೇ ಪ್ರಾಂತ್ಯದಲ್ಲಿ ಹತ್ತಿರದ ಸಮುದ್ರ ಅಂದ್ರೆ ಈ ಕರಾವಳಿ. ಆರಿಸಿಕೊಂಡಿದ್ದು ಅಂಕೋಲಾವನ್ನ. ನಾವು ಸಂಜೆ ಹೋಗಿದ್ದೂ ಅಲ್ಲಿಗೇ, ಗೋಕರ್ಣದಿಂದ ಒಂದು ಗಂಟೆಯೊಳಗಿನ ದಾರಿ.

ಆಗ ಉಪ್ಪಿನ ಮೇಲೆ ಒಂದು ಮಣಕ್ಕೆ, ಅಂದ್ರೆ ಸುಮಾರು 37 ಕೆ.ಜಿ.ಗೆ, 1 ರೂಪಾಯಿ 4 ಆಣೆ ತೆರಿಗೆ. ಉಪ್ಪು ತಯಾರಿಸೋ ಖರ್ಚಿಗಿಂತ ತೆರಿಗೆಯೇ ಹಲವು ಪಟ್ಟು ಜಾಸ್ತಿ. ಮನೆ ಮುಂದಿನ ಸಮುದ್ರದ ನೀರು ಕಾಯಿಸಿ ಹಿಡಿ ಉಪ್ಪು ಮಾಡಿಕೊಂಡರೆ ಅಪರಾಧ. ಗಾಂಧಿ ಏಪ್ರಿಲ್ 6ಕ್ಕೆ ಕಾನೂನು ಮುರಿದರು. ಒಂದೇ ವಾರ ಕಳೆದು ಏಪ್ರಿಲ್ 13ಕ್ಕೆ ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪು ತಯಾರಾಯಿತು.

ಇಷ್ಟು ಪಠ್ಯಪುಸ್ತಕದಲ್ಲಿದೆ. ನನ್ನನ್ನ ಹಿಡಿದು ನಿಲ್ಲಿಸಿದ್ದು ಅದರ ನಂತರದ್ದು. ಉಪ್ಪು ಮಾಡಿ ಜೈಲಿಗೆ ಹೋಗೋದು ಒಂದು ಧೈರ್ಯ. ಆದರೆ ಅಂಕೋಲಾ ಮತ್ತೆ ಘಟ್ಟದ ಮೇಲಿನ ಸಿದ್ದಾಪುರದ ರೈತರು ಇನ್ನೂ ಮುಂದೆ ಹೋದರು. ಭೂಕಂದಾಯವನ್ನೇ ಕಟ್ಟಲ್ಲ ಅಂದರು. ಕರನಿರಾಕರಣೆ. ಜಗತ್ತಿನ ಆರ್ಥಿಕ ಕುಸಿತದ ಕಾಲ ಅದು, ಬೆಳೆಗೆ ಬೆಲೆ ಇಲ್ಲ, ಕಂದಾಯ ಮಾತ್ರ ಇಳಿದಿಲ್ಲ. ಸರ್ಕಾರದ ಉತ್ತರ ಗೊತ್ತಿರೋದೇ: ದನಕರು ಜಪ್ತಿ, ಪಾತ್ರೆಪಗಡೆ ಜಪ್ತಿ, ಕೊನೆಗೆ ಜಮೀನು ಹರಾಜು. 1931ರ ಗಾಂಧಿ-ಇರ್ವಿನ್ ಒಪ್ಪಂದಕ್ಕೆ ಸ್ವಲ್ಪ ನಿಂತು, 1932ರಲ್ಲಿ ಮತ್ತೆ ಶುರು. ಅಂಕೋಲಾಗೆ 'ಕರ್ನಾಟಕದ ಬಾರ್ಡೋಲಿ' ಅಂತ ಹೆಸರು ಬಂದಿದ್ದು ಇದಕ್ಕೇ.

ಹರಾಜು ಅಂದ ಮೇಲೆ ಕೊಳ್ಳೋರು ಬೇಕಲ್ಲ? ಕೊಂಡವರು ಲಂಡನ್ನಿನಿಂದ ಬರಲಿಲ್ಲ. ಸಿದ್ದಾಪುರ ತಾಲೂಕಿನಲ್ಲಿ, ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಹೆಣ್ಣುಮಕ್ಕಳು ಹೋಗಿ ಉಪವಾಸ ಕೂತರು. ಜೋಗಕ್ಕೆ ಹೋಗುವ ದಾರಿಯ ಮಾವಿನಗುಂಡಿಯಲ್ಲಿ ಅವರ ಸ್ಮಾರಕ ಇದೆ. ಜೋಗಕ್ಕೆ ನಾನು ಮೂರು ಸಲ ಹೋಗಿದ್ದೀನಿ, ಒಂದು ಸಲವೂ ಅಲ್ಲಿ ಗಾಡಿ ನಿಲ್ಲಿಸಿರಲಿಲ್ಲ.

ಅಂಕೋಲಾದಲ್ಲಿ ಚಹಾ ಕುಡಿಯೋಕೆ ನಿಂತ ಅಂಗಡಿಯಲ್ಲಿ ಒಬ್ಬ ಹಿರಿಯರು ಸಿಕ್ಕರು. ಮೊಬೈಲ್ ರೆಕಾರ್ಡರ್ ಆನ್ ಮಾಡಬಹುದಾ ಅಂತ ಕೇಳಿದೆ. ಬೇಡ ಅಂದರು. ಆಮೇಲೆ ಅವರೇ, "ಭೂಮಿ ಕಳಕೊಂಡವರ ಮನೆ ಬೇಕಾದ್ರೆ ತೋರಿಸ್ತೆ. ಕೊಂಡವರ ಮನೆ ಯಾವುದು ಅಂತ ಮಾತ್ರ ಕೇಳ್ಬೇಡಿ. ಮದುವೆ ಮುಂಜಿಗೆ ಎಲ್ಲರೂ ಒಟ್ಟಿಗೇ ಉಣ್ಣೋರು ನಾವು" ಅಂದರು. ನಾನು ಕೇಳಲಿಲ್ಲ. 1937ರಲ್ಲಿ ಬಾಂಬೆ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ವಾಪಸ್ ಕೊಡಿಸೋ ಕೆಲಸ ನಡೀತು. ಅಷ್ಟರವರೆಗಿನ ವರ್ಷಗಳನ್ನ ಆ ಮನೆಗಳವರು ಹೇಗೆ ಕಳೆದರು ಅಂತ ಯೋಚಿಸ್ತಾ ಇದ್ದೆ. ಎಂಟು ಸಾವಿರದ ಜಿಎಸ್‌ಟಿ ಲೇಟ್ ಫೀ ಬಂತು ಅಂತ ಒಬ್ಬ ಕ್ಲೈಂಟ್ ನನ್ನ ಮೇಲೆ ಒಂದು ತಾಸು ಕೂಗಾಡಿದ್ದು ಯಾಕೋ ನೆನಪಾಯ್ತು.

ಭಾನುವಾರ ರಾತ್ರಿಯ ಬಸ್‌ನಲ್ಲಿ ವಾಪಸ್. ಕತ್ತಲಲ್ಲಿ ಸಾಣಿಕಟ್ಟಾ ದಾಟಿದಾಗ ರಾಶಿಗಳು ಮಸುಕಾಗಿ ಕಂಡವು. ಈ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಹಾಗಾಗಿ ಘಟ್ಟದ ಸಿಹಿನೀರು, ಕಡಲಿನ ಉಪ್ಪುನೀರು ಎರಡೂ ಇಲ್ಲಿ ಸೇರ್ತವೆ. ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆಯೋ ಕಗ್ಗ ಭತ್ತ, ಕೆಸರಲ್ಲಿ ಬಳಚು, ಪಕ್ಕದಲ್ಲಿ ಉಪ್ಪು. ಒಂದು ದಿನ ಅದಕ್ಕೇ ಬೇರೆ ಎಪಿಸೋಡ್ ಮಾಡ್ತೀನಿ.

ಹೋಗೋರಿಗೆ ಎರಡು ಮಾತು. ಉಪ್ಪು ತೆಗೆಯೋದನ್ನ ನೋಡಬೇಕಂದ್ರೆ ಮಾರ್ಚ್, ಏಪ್ರಿಲ್‌ನಲ್ಲಿ ಹೋಗಿ, ಮತ್ತೆ ಗದ್ದೆಯ ಬದುವಿನ ಮೇಲೆ ಚಪ್ಪಲಿ ಹಾಕ್ಕೊಂಡು ಓಡಾಡಬೇಡಿ, ಬೈಯಿಸ್ಕೊಳ್ತೀರಿ. ಗೇರುಸೊಪ್ಪೆಗೆ ಅರ್ಧ ದಿನ ಇಟ್ಟುಕೊಳ್ಳಿ. ಆ ಉಪ್ಪಿನ ಚೀಲ ಅಮ್ಮನಿಗೆ ಕೊಟ್ಟೆ. ಕೈಯಲ್ಲಿ ಹಿಡಿದು ನೋಡಿ, "ಮಣ್ಣಿನ ಬಣ್ಣ ಇದೆಯಲ್ಲೇ" ಅಂದಳು. ಆಮೇಲೆ ಮಿಡಿ ಉಪ್ಪಿನಕಾಯಿಯ ಭರಣಿ ಇಳಿಸೋಕೆ ಸ್ಟೂಲ್ ಹಿಡ್ಕೋ ಅಂತ ಕರೆದಳು.